ಬೇಲಿಯಾಚೆಗೂ ಬೆಳೆದ ತೋಟ: ಲಾಲ್‌ಬಾಗ್ ನಡೆದುಬಂದ ದಾರಿ

ಲಾಲ್‌ಬಾಗಿನ ವಿಸ್ತೀರ್ಣ 240 ಎಕರೆ. ಸರ್ವೆ ಇಲಾಖೆಯ ಲೆಕ್ಕಕ್ಕೆ ಇಷ್ಟು ಸಾಕು. ಆದರೆ ಈ ತೋಟದ ಚರಿತ್ರೆ ಬರೆಯಲು ಕೂತವರಿಗೆ ಆ ಲೆಕ್ಕ ಬೇಗ ಕೈಕೊಡುತ್ತದೆ. ಬೆಂಗಳೂರಿನ ಸಾಲುಮರಗಳು, ಕೋಲಾರದ ಕಡೆಯ ಕಸಿ ಮಾವಿನ ತೋಪುಗಳು, ಮಾರುಕಟ್ಟೆಯ ಸೀಮೆಬದನೆ, ಕನ್ನಂಬಾಡಿಯ ಬೃಂದಾವನ, ಬೀದಿಬದಿಯ ಹಾಪ್‌ಕಾಮ್ಸ್ ಮಳಿಗೆ ಇವೆಲ್ಲಕ್ಕೂ ಒಂದಲ್ಲ ಒಂದು ಕಾಲದಲ್ಲಿ ಲಾಲ್‌ಬಾಗಿನ ಗೇಟಿನಿಂದಲೇ ದಾರಿ ಹೊರಟಿದೆ. ಹೂವು ನೋಡಲು ಬರುವವರಿಗೆ ಇದು ಉದ್ಯಾನ. ತೋಟಗಾರಿಕೆ ಇಲಾಖೆಯ ಹಳಬರ ಕಣ್ಣಿಗೆ ಮಾತ್ರ ಇದು ಮೊದಲಿನಿಂದಲೂ ಸಸಿ ಎಬ್ಬಿಸಿ ಹೊರಗೆ ಕಳಿಸುವ ಜಾಗ. ಈ ಲೇಖನ ಆ ಹಳಬರ ಕಣ್ಣಿನಿಂದಲೇ ತೋಟವನ್ನು ನೋಡುತ್ತದೆ.

1760–1799: ಅರಸನ ತೋಟ

ಹೈದರ್ ಅಲಿ 1760ರಲ್ಲಿ ಬೆಂಗಳೂರಿನ ಕೋಟೆ, ಪೇಟೆ ಎರಡರಿಂದಲೂ ಹೊರಗೆ, ಬಂಡೆಗೂ ಕೆರೆಗೂ ನಡುವಿನ ತಗ್ಗಿನಲ್ಲಿ ತೋಟ ಹಾಕಿಸಿದ. ಆಗ ಅದು ಸುಮಾರು 40 ಎಕರೆ. ಮೊಘಲರ ಸುಬೇದಾರರು ಆಳಿದ ಸಿರಾದಲ್ಲಿನ ತೋಟವೇ ಇದಕ್ಕೆ ಮಾದರಿ ಎಂಬ ಮಾತು ರೂಢಿಯಲ್ಲಿದೆ. ಮಾದರಿ ಎಲ್ಲಿಯದಾದರೂ ಜಾಗ ಆರಿಸಿದವನು ನೀರಿನ ಮರ್ಮ ಬಲ್ಲವನು. ಮೇಲಿನ ಬಂಡೆಯ ಮೇಲೆ ಬಿದ್ದ ಮಳೆ ಕೆಳಗೆ ಹರಿದುಬರುವ ನೆಲ ಅದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನಲ್ಲಿ ಹೈದರ್ ಮತ್ತು ಅವನ ಮಗ ಟಿಪ್ಪು ಇಬ್ಬರ ತೋಟಗಳನ್ನೂ ನೋಡಿ ಬರೆದಿಟ್ಟಿದ್ದಾರೆ. ಚೌಕ ಚೌಕವಾಗಿ ಹಂಚಿದ ನೆಲ, ನಡುವೆ ಓಡಾಡುವ ದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರಗಳ ಸಾಲು. ಒಂದು ಚೌಕದಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ, ಹೀಗೆ ಒಂದು ಜಾತಿಗೆ ಒಂದು ಪಾತಿ. ಹೈದರನ ತೋಟಕ್ಕೆ ಕೆರೆಯ ನೀರು ತಾನಾಗಿಯೇ ಹರಿದು ಬರುತ್ತಿತ್ತು. ಟಿಪ್ಪುವಿನ ತೋಟಕ್ಕೆ ಮೂರು ಬಾವಿ, ಮೂರಕ್ಕೂ ಎತ್ತು ಕಟ್ಟಿದ ಕಪಿಲೆ. ಏತಕ್ಕಿಂತ ಕಪಿಲೆಯೇ ವಾಸಿ ಎಂದು ಕೆಲಸಗಾರರು ಹೇಳಿದ್ದನ್ನೂ ಬುಕಾನನ್ ಬಿಡದೆ ದಾಖಲಿಸಿದ್ದಾರೆ. ತಂದೆಯ ದಾರಿಗಳು ಅಗಲ, ಮರಗಳು ವಿರಳ. ಮಗನ ತೋಟದಲ್ಲಿ ಗಾರೆ ಕೆಲಸವೇ ಹೆಚ್ಚಾಗಿ ಮರಗಳು ತೂತಿನಲ್ಲಿ ತಲೆ ಎತ್ತಿದಂತೆ ಕಾಣುತ್ತವೆ ಎಂಬುದು ಅವರ ತೀರ್ಪು. ಗೆದ್ದವರ ಕಡೆಯವರು ಸೋತವರ ತೋಟಕ್ಕೆ ಹಾಕಿದ ಅಂಕವಿದು ಎಂಬುದನ್ನು ಮರೆಯದೆ ಓದಬೇಕು. ಆದರೂ ಅವರು ಹಿಡಿದ ಮುಖ್ಯ ಕೊರತೆ ಇಂದಿಗೂ ಸುಳ್ಳಲ್ಲ: ಬೇಸಗೆಯಲ್ಲಿ ನೀರು ಸಾಲದು.

ಟಿಪ್ಪು ಪರ್ಷಿಯ, ತುರ್ಕಿ, ಕಾಬೂಲ್, ಮಾರಿಷಸ್ ಕಡೆಗಳಿಂದ ಬೀಜ, ಸಸಿ ತರಿಸಿ ಇಲ್ಲಿ ಬೆಳೆಸಲು ನೋಡಿದ. ಪರದೇಶದ ಗಿಡವೊಂದು ಈ ಮಣ್ಣಿಗೆ ಹೊಂದೀತೇ ಎಂದು ಪರೀಕ್ಷಿಸುವ ಕೆಲಸಕ್ಕೆ ಅಲ್ಲಿಂದಲೇ ಮೊದಲು. ಆ ಕೆಲಸ ಮಾಡಿದ ಕೈಗಳ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ. ಬೆಂಗಳೂರಿನ ಸುತ್ತ ತಲೆತಲಾಂತರದಿಂದ ಹೂವು, ತರಕಾರಿ, ಹಣ್ಣಿನ ತೋಟ ನಡೆಸಿದ ತಿಗಳ ಸಮುದಾಯದ ನೆನಪನ್ನು ಇಲ್ಲಿ ಕೈಬಿಟ್ಟರೆ ಈ ಲೇಖನ ಅಪೂರ್ಣವಾಗುತ್ತದೆ. ಸೂಪರಿಂಟೆಂಡೆಂಟರು ಬಂದರು, ಹೋದರು. ಪಾತಿ ಮಾಡಿ ನೀರು ಕಟ್ಟಿದವರು ಬಹುಮಟ್ಟಿಗೆ ಇಲ್ಲಿಯವರೇ.

1799–1856: ಕೈಯಿಂದ ಕೈಗೆ

ಮುಂದಿನ ಅರ್ಧ ಶತಮಾನ ತೋಟಕ್ಕೆ ಗಟ್ಟಿಯಾದ ಯಜಮಾನ ಇರಲಿಲ್ಲ. ಕಂಪನಿಯ ಸೇನೆಯ ಮೇಜರ್ ಗಿಲ್ಬರ್ಟ್ ವಾ ಕೆಲವು ಕಾಲ ನೋಡಿಕೊಂಡು ಕಂಪನಿಗೆ ಒಪ್ಪಿಸಿದರು. ಕಲ್ಕತ್ತೆಯ ಸಸ್ಯತೋಟದ ನಥಾನಿಯಲ್ ವಾಲಿಚ್ ದೂರದಿಂದಲೇ ಮೇಲ್ವಿಚಾರಣೆ ನಡೆಸಿದರು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋದಾಗ ತೋಟವೂ ಅದರ ಜೊತೆಗೇ ಹೋಯಿತು.

1836ರಲ್ಲಿ ವಿಲಿಯಂ ಮನ್ರೋ ಎಂಬ ಸೇನಾಧಿಕಾರಿಯ ಮುಂದಾಳತ್ವದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಘವೊಂದು ಹುಟ್ಟಿ, ಕಮಿಷನರ್ ಮಾರ್ಕ್ ಕಬ್ಬನ್ ಲಾಲ್‌ಬಾಗನ್ನು ಅದರ ವಶಕ್ಕೆ ಕೊಟ್ಟರು. ಹುಮ್ಮಸ್ಸಿಗೇನೂ ಕಡಿಮೆ ಇರಲಿಲ್ಲ. ಆದರೆ ಸದಸ್ಯರು ಬಹುತೇಕ ಅಧಿಕಾರಿಗಳು. ಇಂದು ಇಲ್ಲಿ, ನಾಳೆ ಇನ್ನೊಂದು ದಂಡಿನಲ್ಲಿ. 1842ರಲ್ಲಿ ಸಂಘ ಮುಚ್ಚಿತು. ಸಂಘದ ಒಳಗೆ ಏನೇನು ಮಾತು ನಡೆಯಿತೋ, ಮರ ಬೆಳೆಸುವ ಕೆಲಸಕ್ಕೆ ವರ್ಗಾವಣೆಯ ನೌಕರಿ ಹೊಂದುವುದಿಲ್ಲ ಎಂಬುದಂತೂ ಆಗಲೇ ಗೊತ್ತಾಯಿತು.

1856–1874: ಸರ್ಕಾರಿ ಸಸ್ಯತೋಟ

ಇಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಬರುತ್ತಾರೆ. ಕಂಪನಿಯ ವೈದ್ಯರಾಗಿ ಶಿವಮೊಗ್ಗದಲ್ಲಿದ್ದಾಗ ಸುತ್ತಲಿನ ಗಿಡಮರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸ್ಥಳೀಯ ಚಿತ್ರಕಾರರಿಂದ ಬರೆಸಿ ಇಟ್ಟುಕೊಂಡವರು. ಕಾಡು ಕಡಿದರೆ ನಾಡಿಗೆ ಏನಾಗುತ್ತದೆಂದು 1851ರಲ್ಲೇ ಬ್ರಿಟನ್ನಿನ ವಿದ್ವಾಂಸರ ಮುಂದೆ ವರದಿ ಇಟ್ಟವರು. ಬೆಂಗಳೂರಿನಲ್ಲಿ ಸಸ್ಯತೋಟ ಎಲ್ಲಿರಬೇಕೆಂಬ ಬಗ್ಗೆ ಅವರಿಗೂ ಕಬ್ಬನ್ನರಿಗೂ ಅಭಿಪ್ರಾಯ ಒಂದೇ ಆಗಿರಲಿಲ್ಲ. ಲಾಲ್‌ಬಾಗ್ ಊರಿಗೆ ದೂರ ಎಂಬ ಆಕ್ಷೇಪವಿತ್ತು. (ಈಗ ಡಬಲ್ ರೋಡಿನ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡವರಿಗೆ ಈ ಆಕ್ಷೇಪ ನಗು ತರಿಸಬಹುದು.) ಕೊನೆಗೆ 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಯಿತು. ಗುರಿಯ ವಿಷಯದಲ್ಲಿ ಗೆದ್ದವರು ಕ್ಲೆಗ್‌ಹಾರ್ನರೇ. ಈ ತೋಟ ಲಾಭದ ವ್ಯಾಪಾರಕ್ಕೆ ಇಳಿಯಬಾರದು, ನಾಡಿನ ಸಸ್ಯಗಳ ಬಳಕೆ ಹೆಚ್ಚಿಸಬೇಕು, ಉಪಯೋಗವಿರುವ ಹೊರಗಿನ ಸಸ್ಯಗಳನ್ನು ತಂದು ಪಳಗಿಸಬೇಕು, ಮದರಾಸು, ಕಲ್ಕತ್ತ, ಉದಕಮಂಡಲದ ತೋಟಗಳೊಂದಿಗೆ ಬೀಜ, ಸಸಿ ಕೊಟ್ಟು ತೆಗೆದುಕೊಳ್ಳಬೇಕು ಎಂದು ಅವರು ಸೂಚಿಸಿದ್ದರು. ಮುಂದಿನ ನೂರು ವರ್ಷ ಲಾಲ್‌ಬಾಗ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

1858ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದರು. ಹಳೆಯ ಚೌಕಗಳ ನಡುವೆ ಹೊಸ ಮಡಿಗಳು ಎದ್ದವು. 1861ರಲ್ಲಿ ತೋಟದ ಸಸ್ಯಗಳ ಪಟ್ಟಿಯೂ ಅಚ್ಚಾಯಿತು. ಇದನ್ನು ದೊಡ್ಡ ಮೈಲಿಗಲ್ಲೆಂದೇ ಎಣಿಸಬೇಕು. ಪಟ್ಟಿಯಿದ್ದರೆ ಮರ ಸತ್ತಾಗ ಏನು ಹೋಯಿತೆಂದು ತಿಳಿಯುತ್ತದೆ.

1874–1908: ಕ್ಯಾಮರಾನ್, ಬಂಡೆ, ಗಾಜಿನ ಮನೆ

ಜಾನ್ ಕ್ಯಾಮರಾನ್ ಅಧಿಕಾರ ವಹಿಸಿಕೊಂಡಾಗ ತೋಟ 45 ಎಕರೆ ಇತ್ತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಸಾಹೇಬರ ಕಾಲದಲ್ಲಿ ಬಂದ ಸೂಪರಿಂಟೆಂಡೆಂಟರು ಅರಸರ ಕಾಲದಲ್ಲೂ ಅದೇ ಕುರ್ಚಿಯಲ್ಲಿ ಮುಂದುವರಿದರು. ಮೂವತ್ತನಾಲ್ಕು ವರ್ಷ ಒಬ್ಬರೇ ನಿಂತದ್ದರಿಂದ ತೋಟಕ್ಕೆ ಮೊದಲ ಬಾರಿಗೆ ದೂರಾಲೋಚನೆಯ ನಕ್ಷೆ ಸಿಕ್ಕಿತು. 1889ರಲ್ಲಿ ಪೂರ್ವಕ್ಕೆ 30 ಎಕರೆ, 1891ರಲ್ಲಿ ಕೆಂಪೇಗೌಡ ಗೋಪುರವಿರುವ ಬಂಡೆಯೂ ಸೇರಿ 13 ಎಕರೆ, 1894ರಲ್ಲಿ ಬಂಡೆಯ ಕೆಳಗಿನ 94 ಎಕರೆ ಸೇರಿಕೊಂಡವು.

ಇವುಗಳಲ್ಲಿ ಅತಿ ಚಿಕ್ಕದಾದ 13 ಎಕರೆಯೇ ಭೂದೃಶ್ಯವನ್ನು ಬದಲಿಸಿದ್ದು ಎಂದು ನನ್ನ ಎಣಿಕೆ. ಅದುವರೆಗೆ ಲಾಲ್‌ಬಾಗ್ ತಗ್ಗಿನ ತೋಟ. ಒಳಗೆ ನಿಂತವರಿಗೆ ಸಾಲುಮರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಂಡೆ ಒಳಗೆ ಬಂದ ಮೇಲೆ ತೋಟಕ್ಕೆ ಒಂದು ಎತ್ತರ ಒದಗಿತು, ಅಲ್ಲಿಂದ ಇಡೀ ವಿನ್ಯಾಸವನ್ನು ಒಂದೇ ನೋಟಕ್ಕೆ ಹಿಡಿಯಬಹುದಾಯಿತು. ಸುಮಾರು 300 ಕೋಟಿ ವರ್ಷ ಹಳೆಯ ಈ ಪೆನಿನ್ಸುಲರ್ ನೈಸ್ ಶಿಲೆಯ ಮೇಲೆ ಕೆಂಪೇಗೌಡರ ವಂಶದ ನೆನಪಿನ ಗೋಪುರ, ಕೆಳಗೆ ಹೈದರನ ಚೌಕಗಳ ಜಾಡು, ಅದರಾಚೆ ಕ್ಯೂ ಮಾದರಿಯ ಹುಲ್ಲುಹಾಸು. ಮೂರು ಆಳ್ವಿಕೆಗಳು ಜಗಳವಾಡದೆ ಒಂದೇ ಆವರಣದಲ್ಲಿ ಇರುವ ಜಾಗ ಬೆಂಗಳೂರಿನಲ್ಲಿ ಬೇರೆಲ್ಲೂ ಇಲ್ಲ.

1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಇಟ್ಟರು. ಕೆಲವು ಬರಹಗಳಲ್ಲಿ 1898 ಎಂದು ಅಚ್ಚಾಗಿರುವುದುಂಟು. ಆ ರಾಜಕುಮಾರರು 1892ರಲ್ಲೇ ತೀರಿಕೊಂಡಿದ್ದರಿಂದ ಅದನ್ನು ಅಚ್ಚಿನ ತಪ್ಪೆಂದು ಬಿಡಬೇಕು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ, ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಾರ್ಖಾನೆಯ ಎರಕದ ಕಬ್ಬಿಣ. ಚಳಿ ನಾಡಿನಲ್ಲಿ ಗಾಜಿನ ಮನೆ ಕಟ್ಟುವುದು ಗಿಡಗಳನ್ನು ಬೆಚ್ಚಗಿಡಲು. ಬೆಂಗಳೂರಿನ ಹವೆಗೆ ಆ ಅಗತ್ಯವೇ ಇರಲಿಲ್ಲ. ಇಲ್ಲಿ ಅದು ಪ್ರದರ್ಶನದ ಮಂಟಪವಾಗಿ, ಊರಿನವರು ಸೇರುವ ಸಭಾಂಗಣವಾಗಿ ಬಾಳಿತು. ರೈತರು ತಾವು ಬೆಳೆದ ಹಣ್ಣು, ತರಕಾರಿ ತಂದು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಿ ನೋಡಲು ಒಂದು ಸೂರು ಸಿಕ್ಕಿತು.

ಅದೇ ಕಾಲದಲ್ಲಿ ಲಾಲ್‌ಬಾಗಿನ ಮಡಿಗಳಿಂದ ಹೊರಟ ಪರದೇಶದ ತರಕಾರಿಗಳು ಸುತ್ತಲಿನ ಹೊಲ ಸೇರಿದವು. ಸೀಮೆಬದನೆಯನ್ನು ಇಲ್ಲಿಗೆ ತಂದು ಹಬ್ಬಿಸಿದ ಶ್ರೇಯಸ್ಸು ಕ್ಯಾಮರಾನರಿಗೇ ಸಲ್ಲುತ್ತದೆ. ತಮಿಳುನಾಡಿನಲ್ಲಿ ಇಂದಿಗೂ ಅದಕ್ಕೆ ಬೆಂಗಳೂರು ಕತ್ತರಿಕಾಯಿ ಎಂದೇ ಹೆಸರು. ಚೆಲುವಯ್ಯ ರಾಜು ಎಂಬ ಚಿತ್ರಕಾರರು ತೋಟದ ಸಸ್ಯಗಳನ್ನು ಹೂವು, ಕಾಯಿ, ಎಲೆಯ ನರದ ಸಮೇತ ಬಣ್ಣದಲ್ಲಿ ಬರೆದರು. ಆ ಚಿತ್ರಗಳು ಲಾಲ್‌ಬಾಗಿನ ಗ್ರಂಥಾಲಯದ ಆಸ್ತಿ. ಕಟ್ಟಡಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ನಾವು ಈ ಹಾಳೆಗಳಿಗೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಲ್ಲಿಸಿಲ್ಲ.

ಆ ದಿನಗಳಲ್ಲಿ ಇಲ್ಲೊಂದು ಪ್ರಾಣಿಸಂಗ್ರಹವೂ ಇತ್ತು. ಅದರ ಪಾರಿವಾಳದ ಗೂಡಿನ ಕಟ್ಟಡ ಇಂದಿಗೂ ನಿಂತಿದೆ.

1908–1932: ಕೃಂಬಿಗಲ್, ಊರೇ ತೋಟ

ಗುಸ್ತಾವ್ ಹರ್ಮನ್ ಕೃಂಬಿಗಲ್ 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿದವರು. ಲಂಡನ್ನಿನ ಹೈಡ್ ಪಾರ್ಕ್, ಕ್ಯೂಗಳಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡೆಯ ಗಾಯಕವಾಡರ ತೋಟಗಳಿಗೆ ಬಂದವರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿಗೆ ಕರೆಸಿಕೊಂಡರು. ಬ್ರಿಟಿಷರ ನೆರಳಿನಲ್ಲಿ ಒಬ್ಬ ಜರ್ಮನ್ನನಿಗೆ ಈ ಹುದ್ದೆ ಎಂಬುದು ಎಲ್ಲರಿಗೂ ರುಚಿಸಿರಲಿಲ್ಲ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಆ ಇಕ್ಕಟ್ಟು ಇನ್ನೂ ಹೆಚ್ಚಿತು. ಮಹಾರಾಜರು ಮಾತ್ರ ಕೈಬಿಡಲಿಲ್ಲ.

ಕ್ಯಾಮರಾನ್ ತೋಟದ ಗಡಿಯನ್ನು ಹೊರಕ್ಕೆ ತಳ್ಳಿದರೆ, ಕೃಂಬಿಗಲ್ ತೋಟವನ್ನೇ ಊರಿನೊಳಕ್ಕೆ ಬಿಟ್ಟರು. ಬೆಂಗಳೂರಿನ ರಸ್ತೆಗಳಿಗೆ ಅವರು ಆರಿಸಿದ ಮರಗಳ ಹಿಂದೆ ಒಂದು ಪಂಚಾಂಗವಿದೆ. ಒಂದು ರಸ್ತೆಯ ಹೂವು ಉದುರುವ ಹೊತ್ತಿಗೆ ಇನ್ನೊಂದು ರಸ್ತೆ ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಬರಿದಾಗಿ ಕಾಣಬಾರದು. ಟಬೂಬಿಯ, ಜಕರಂಡ, ಗುಲ್‌ಮೊಹರ್ ಒಂದರ ಹಿಂದೆ ಒಂದು ಬರುವುದನ್ನು ಬೆಂಗಳೂರಿಗರು ಈಗ ಪ್ರಕೃತಿಯ ಲೀಲೆ ಎಂದುಕೊಂಡಿದ್ದಾರೆ. ಅದು ಬಹುಪಾಲು ಲಾಲ್‌ಬಾಗಿನ ಕಚೇರಿಯ ಮೇಜಿನ ಮೇಲೆ ಹೊಂದಿಸಿದ ಲೆಕ್ಕ. ವಿನ್ಯಾಸಕಾರನ ಕೈ ಕಾಣದಂತೆ ಮಾಡುವುದೇ ಭೂದೃಶ್ಯ ವಿನ್ಯಾಸದಲ್ಲಿ ಕಷ್ಟದ ಕೆಲಸ, ಕೃಂಬಿಗಲ್ ಅದನ್ನು ಒಂದು ಊರಿನ ಅಳತೆಯಲ್ಲಿ ಸಾಧಿಸಿದರು.

1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಎಪ್ಪತ್ತು ವರ್ಷದ ಹಿಂದೆ ಮುಚ್ಚಿದ್ದ ಸಂಘಕ್ಕೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸವೆಂದರೆ, ಇದರ ಹಿಂದೆ ಸ್ಥಳೀಯ ಬೆಳೆಗಾರರೂ ಹವ್ಯಾಸಿಗಳೂ ಇದ್ದರು. ಇಂದಿಗೂ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನದಲ್ಲಿ ಇಲಾಖೆಯ ಜೊತೆಗೆ ಹೆಗಲು ಕೊಡುವುದು ಈ ಸಂಘವೇ. ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನದ ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕನಸಿಗೆ ಕೃಂಬಿಗಲ್ ಆಕಾರ ಕೊಟ್ಟರು. ಹರಿಯುವ ನೀರು, ಚೌಕದ ಮಡಿ, ಮೆಟ್ಟಿಲು ಮೆಟ್ಟಿಲಾದ ಇಳಿಜಾರು, ಎಲ್ಲವೂ ಮೊಘಲರ ಮಾದರಿ. ಬುಕಾನನ್ ಮೂಗು ಮುರಿದಿದ್ದ ಗಾರೆ ಕಾಲುವೆಯ ತೋಟಗಾರಿಕೆ ನೂರ ಮೂವತ್ತು ವರ್ಷದ ನಂತರ ಕಾವೇರಿಯ ದಡದಲ್ಲಿ ಮತ್ತೆ ಮೆರೆಯಿತು.

ನಿವೃತ್ತಿಯ ನಂತರವೂ ಕೃಂಬಿಗಲ್ ಬೆಂಗಳೂರು ಬಿಡಲಿಲ್ಲ. 1956ರಲ್ಲಿ ಇಲ್ಲಿಯೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ.

1932–1944: ಜವರಾಯರ ಕಾಲ

ರಾವ್ ಬಹಾದೂರ್ ಎಚ್.ಸಿ. ಜವರಾಯರೊಂದಿಗೆ ಲಾಲ್‌ಬಾಗಿನ ಹೊಣೆ ಭಾರತೀಯರ ಕೈಗೆ ಬಂತು. ಅವರೂ ಕ್ಯೂನಲ್ಲಿ ತರಬೇತಾದವರೇ. 1935ರಲ್ಲಿ ಗಾಜಿನ ಮನೆಗೆ ಪೂರ್ವದ ರೆಕ್ಕೆ ಸೇರಿತು. ಈ ಬಾರಿ ಲೋಹ ಗ್ಲಾಸ್ಗೋದಿಂದ ಬರಲಿಲ್ಲ, ಭದ್ರಾವತಿಯ ಕಾರ್ಖಾನೆಯಿಂದ ಬಂತು. ನೋಡುವವರ ಕಣ್ಣಿಗೆ ಹಳೆಯದು ಹೊಸದು ಬೇರೆಯಾಗಿ ಕಾಣದಂತೆ ಬೆಸೆದದ್ದು ಆ ಕಾಲದ ಮೈಸೂರಿನ ಆತ್ಮವಿಶ್ವಾಸಕ್ಕೆ ಒಳ್ಳೆಯ ಸಾಕ್ಷಿ. ಹೆಸರಘಟ್ಟದಲ್ಲಿ ಹಣ್ಣಿನ ಬೆಳೆಗಳ ಪ್ರಯೋಗಕ್ಕೆ ನೆಲೆ ಸಿಕ್ಕಿದ್ದೂ ಈ ಅವಧಿಯಲ್ಲೇ. ಊರು ಬೆಳೆದಂತೆ ಲಾಲ್‌ಬಾಗಿನ ಒಳಗೆ ಮಾಡಲಾಗದ ಕೆಲಸಗಳು ಹೀಗೆ ಒಂದೊಂದಾಗಿ ಹೊರಗೆ ಮನೆ ಮಾಡಿದವು.

1951–1974: ಮರಿಗೌಡರು, ರೈತನ ಹೊಲ

ಡಾ. ಎಂ.ಎಚ್. ಮರಿಗೌಡರು ಹಾರ್ವರ್ಡಿನಲ್ಲಿ ಡಾಕ್ಟರೇಟ್ ಮುಗಿಸಿ 1951ರಲ್ಲಿ ಹಿಂತಿರುಗಿದಾಗ ದೇಶದ ಪರಿಸ್ಥಿತಿಯೇ ಬೇರೆಯಾಗಿತ್ತು. ಆಹಾರಕ್ಕೇ ತತ್ವಾರವಿದ್ದ ದಿನಗಳಲ್ಲಿ ಹೂವಿನ ತೋಟಕ್ಕೆ ಸರ್ಕಾರದ ಹಣ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತಿತ್ತು. ಮರಿಗೌಡರು ಆ ಪ್ರಶ್ನೆಗೆ ಭಾಷಣದಲ್ಲಿ ಉತ್ತರ ಕೊಡಲಿಲ್ಲ, ಲಾಲ್‌ಬಾಗನ್ನೇ ಜಿಲ್ಲೆ ಜಿಲ್ಲೆಗೆ ಕೊಂಡೊಯ್ದರು. ರಾಜ್ಯದ ಉದ್ದಗಲಕ್ಕೆ ತೋಟಗಾರಿಕಾ ಕ್ಷೇತ್ರಗಳು, ಸಸ್ಯಕ್ಷೇತ್ರಗಳು ಎದ್ದವು. ತಾಯಿಮರ ಇಲಾಖೆಯದು, ಕಸಿ ಕಟ್ಟುವವರು ಇಲಾಖೆಯವರು, ಗಿಡ ಮಾತ್ರ ರೈತನದು. ಕಸಿ ಗಿಡದಲ್ಲಿ ಮೋಸ ನಡೆದರೆ ರೈತನಿಗೆ ತಿಳಿಯುವುದು ಐದಾರು ವರ್ಷದ ಮೇಲೆ, ಮರ ಫಲಕ್ಕೆ ಬಂದಾಗ. ಆದ್ದರಿಂದ ನಂಬಬಹುದಾದ ಸಸಿ ಸರ್ಕಾರದಿಂದಲೇ ಸಿಗಬೇಕು ಎಂಬ ಅವರ ಹಟದಲ್ಲಿ ಹುರುಳಿತ್ತು.

ರಾಗಿಯೂ ಸರಿಯಾಗಿ ಬಾರದ ಒಣ ಹೊಲದಲ್ಲಿ ಮಾವು, ಸಪೋಟ, ಸೀಬೆ, ಗೇರು ನೆಡಿಸಿದ್ದು ಅವರ ದೊಡ್ಡ ಕೊಡುಗೆ. ಮೊದಲ ಒಂದೆರಡು ಬೇಸಗೆ ಕೊಡದಲ್ಲಿ ನೀರು ಹೊತ್ತು ಹಾಕಿ ಗಿಡ ಉಳಿಸಿಕೊಂಡರೆ ಮುಂದೆ ಬೇರು ತಾನೇ ನೀರು ಹುಡುಕಿಕೊಳ್ಳುತ್ತದೆ. ಬೆಳೆದದ್ದನ್ನು ಮಾರಲು ದಾರಿ ಇಲ್ಲದಿದ್ದರೆ ತೋಟ ಹೊರೆಯಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. 1959ರಲ್ಲಿ ಅವರ ಒತ್ತಾಸೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು, ಅದರ ಪ್ರಧಾನ ಕಚೇರಿ ಇರುವುದೂ ಲಾಲ್‌ಬಾಗಿನಲ್ಲೇ. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಯಿತು, ಮರಿಗೌಡರೇ ಅದರ ಮೊದಲ ನಿರ್ದೇಶಕರು. ಕೃಷಿ ಇಲಾಖೆಯಿಂದ ಬೇರೆಯಾಗುವಾಗ ಎರಡೂ ಕಡೆ ಸ್ವಲ್ಪ ಎಳೆದಾಟ ನಡೆದಿರಲೇಬೇಕು. ಮನೆ ಭಾಗವಾದಾಗ ಪಾತ್ರೆಗಳ ಸದ್ದು ಇದ್ದದ್ದೇ.

ಒಳಗೂ ಕೆಲಸ ನಿಂತಿರಲಿಲ್ಲ. ತೋಟ 240 ಎಕರೆಗೆ ಬೆಳೆದದ್ದರಲ್ಲಿ ಮರಿಗೌಡರ ಪಾಲು ದೊಡ್ಡದು. ಹೊಸದಾಗಿ ಸೇರಿದ ನೆಲದಲ್ಲಿ ಪಾತಿ, ಹುಲ್ಲುಹಾಸುಗಳಿಗಿಂತ ಮರಗಳಿಗೇ ಹೆಚ್ಚು ಜಾಗ ಸಿಕ್ಕಿತು. 1961ರಲ್ಲಿ ರಾಣಿ ಎರಡನೇ ಎಲಿಜಬೆತ್ ನೆಟ್ಟ ಅರೌಕೇರಿಯಾ ಆ ಕಾಲದ ಅತಿಥಿಗಳ ಗುರುತಾಗಿ ಉಳಿದಿದೆ.

1975ರಿಂದ ಈಚೆಗೆ

1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಎಚ್‌ಎಂಟಿ ಕಾರ್ಖಾನೆ ಕೊಟ್ಟ ಹೂವಿನ ಗಡಿಯಾರ ಬಂತು, ಮಕ್ಕಳಿಗೆ ಅದೇ ಲಾಲ್‌ಬಾಗಿನ ಗುರುತಾಯಿತು. ಊರು ನಾಲ್ಕೂ ಕಡೆಯಿಂದ ಒತ್ತಿಕೊಂಡು ಬಂತು. 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ತೋಟದ ಅಂಚಿನ ನೆಲವೂ ಮರಗಳೂ ಹೋದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಅಭಿವೃದ್ಧಿಯ ಅಗತ್ಯವನ್ನೂ ಮರದ ಬೆಲೆಯನ್ನೂ ಬಲ್ಲವರು ಎರಡೂ ಪಕ್ಷಗಳಲ್ಲಿದ್ದರು. ಇಲಾಖೆ ನಡುವೆ ನಿಂತು ಕಷ್ಟಪಟ್ಟಿತು. ಇಂದು ಅದೇ ಮೆಟ್ರೋ ಪಶ್ಚಿಮ ಗೇಟಿನ ಬಳಿ ಪ್ರದರ್ಶನದ ಜನರನ್ನು ಇಳಿಸುತ್ತಿದೆ. 2017ರಲ್ಲಿ ತೋಟದೊಳಗಿನ ಶಿಥಿಲ ಕೃಂಬಿಗಲ್ ಹಾಲ್ ಕುಸಿದು, ಆಮೇಲೆ ಹಳೆಯ ರೂಪದಲ್ಲೇ ಮತ್ತೆ ಎದ್ದಿತು. ಕಟ್ಟಡವನ್ನು ಹಾಗೆ ಎಬ್ಬಿಸಬಹುದು. ಕೆರೆಯ ಕಡೆಯ ದಾರಿಯಲ್ಲಿ ಹಲಗೆಯಂತೆ ಬೇರು ಚಾಚಿ ನಿಂತ ಬಿಳಿ ಬೂರುಗ ಬಿದ್ದರೆ ಯಾವ ಗುತ್ತಿಗೆದಾರರೂ ಎಬ್ಬಿಸಲಾರರು.

ಮುಂದಿನ ಹೊಣೆಗಾರರ ಗಮನಕ್ಕೆ ಎರಡು ಸಂಗತಿ. ಲಾಲ್‌ಬಾಗಿನಲ್ಲಿ ಖಾಲಿ ಬಿಟ್ಟ ಜಾಗಗಳೂ ವಿನ್ಯಾಸದ ಭಾಗವೇ. ಗಾಜಿನ ಮನೆಯ ಮುಂದಿನ ಬಯಲು, ಬಂಡೆಯ ಬೋಳು ಇಳಿಜಾರು, ಕೆರೆ ಏರಿಯ ಮೇಲಿನ ತೆರವು ಇಲ್ಲದಿದ್ದರೆ ಮರಗಳ ಎತ್ತರ ಕಣ್ಣಿಗೆ ಹತ್ತುವುದಿಲ್ಲ. ಗಣ್ಯರು ಬಂದಾಗಲೆಲ್ಲ ಒಂದು ಸಸಿ, ಸಮಾರಂಭವಾದಾಗಲೆಲ್ಲ ಒಂದು ಕಲ್ಲು ಎಂದು ಅವನ್ನು ತುಂಬುತ್ತಾ ಹೋಗುವುದು ಬೇಡ. ಎರಡನೆಯದು ಹಳೆಯ ಮರಗಳ ವಂಶ. ಹೈದರ್, ಟಿಪ್ಪುವಿನ ಕಾಲದವೆಂದು ತೋರಿಸುವ ಮಾವಿನ ಮರಗಳಿಂದ ಕಸಿ ಕಡ್ಡಿ ತೆಗೆದು ಬೇರೆ ಬೇರೆ ಕ್ಷೇತ್ರಗಳಲ್ಲಿ ಉಳಿಸಿಕೊಳ್ಳುವ ಕೆಲಸ ಪ್ರದರ್ಶನದ ಗಡಿಬಿಡಿಯ ನಡುವೆಯೂ ತಪ್ಪದೆ ನಡೆಯಬೇಕು. ಅದಕ್ಕೆ ಬೇಕಾದ ಮಡಿಗಳೂ ಕಸಿ ಚಾಕು ಹಿಡಿಯಬಲ್ಲ ಕೈಗಳೂ ಇಲಾಖೆಯಲ್ಲಿ ಈಗಲೂ ಇವೆ.